ಒಂದು ಕೋಟಿ ಹಾಕುವ ಮುನ್ನ: ಪ್ರೈವೇಟ್ ಕ್ರೆಡಿಟ್ ನಿಧಿಯ ಕಾಗದಪತ್ರಗಳನ್ನು ಓದುವ ಬಗೆ

ಸೈಟು ಮಾರಿದ ಹಣವೋ, ಕೆಲಸ ಮಾಡಿದ ಕಂಪನಿಯ ಷೇರು ಮಾರಿದ ಹಣವೋ ಬ್ಯಾಂಕ್ ಖಾತೆಗೆ ಬಂದ ಕೆಲವೇ ದಿನಗಳಲ್ಲಿ ಸಂಪತ್ತು ನಿರ್ವಹಣೆ ವಿಭಾಗದ ಅಧಿಕಾರಿಯೊಬ್ಬರು ಫೋನ್ ಮಾಡುತ್ತಾರೆ. ಮ್ಯೂಚುವಲ್ ಫಂಡ್, ಠೇವಣಿಗಳ ಮಾತು ಮುಗಿದ ಮೇಲೆ, ಸ್ವಲ್ಪ ದನಿ ತಗ್ಗಿಸಿ, ‘ಪ್ರೈವೇಟ್ ಕ್ರೆಡಿಟ್’ ಎಂಬ ಹೆಸರನ್ನು ಎತ್ತುತ್ತಾರೆ: ವರ್ಷಕ್ಕೆ ಶೇ 16ರಿಂದ 18ರ ಗಳಿಕೆ, ಎಲ್ಲ ಸಾಲಕ್ಕೂ ಆಸ್ತಿಯ ಭದ್ರತೆ, ಷೇರುಪೇಟೆಯ ಏರಿಳಿತದ ಗೊಡವೆಯಿಲ್ಲ. ಇದರಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ಆದರೆ ಕರಪತ್ರದಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಬಡ್ಡಿಯ ದರ. ಅಸಲು ಯಾವ ದಾರಿಯಿಂದ ವಾಪಸು ಬರುತ್ತದೆ, ಆ ದಾರಿಯಲ್ಲಿ ನಮಗಿಂತ ಮುಂದೆ ಯಾರು ನಿಂತಿದ್ದಾರೆ ಎಂಬ ವಿಷಯ ನೂರಾರು ಪುಟಗಳ ಕಾಗದಪತ್ರದೊಳಗೆ ಇರುತ್ತದೆ. ಅದನ್ನು ಹುಡುಕಿ ಓದುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಇದು ಏನೆಂದು ನೋಡೋಣ. ಬ್ಯಾಂಕುಗಳು ಕೊಡಲಾಗದ ಅಥವಾ ಕೊಡಲೊಲ್ಲದ ಸಾಲವನ್ನು, ಹೂಡಿಕೆದಾರರಿಂದ ಹಣ ಕೂಡಿಸಿದ ನಿಧಿಯೊಂದು ಕಂಪನಿಗಳ ಜೊತೆ ನೇರವಾಗಿ ಮಾತಾಡಿ ಕೊಡುವ ಏರ್ಪಾಡು ಪ್ರೈವೇಟ್ ಕ್ರೆಡಿಟ್. ನಮ್ಮಲ್ಲಿ ಇಂಥ ನಿಧಿಗಳು ಬಹುಮಟ್ಟಿಗೆ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳಡಿ ಎರಡನೆಯ ವರ್ಗದಲ್ಲಿ ನೋಂದಾಯಿತವಾಗಿರುತ್ತವೆ. ಇವು ಬ್ಯಾಂಕಿನಂತೆ ಸಾಲದ ಖಾತೆ ತೆರೆಯುವುದಿಲ್ಲ. ಕಂಪನಿ ಹೊರಡಿಸುವ ಡಿಬೆಂಚರು ಎಂಬ ಸಾಲಪತ್ರಗಳನ್ನು ಕೊಂಡು ಹಣ ಕೊಡುತ್ತವೆ. ಬಿಲ್ಡರುಗಳಿಗೆ ಜಮೀನು ಕೊಳ್ಳಲು ಬ್ಯಾಂಕ್ ಸಾಲ ಕೊಡುವುದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲ. ಇನ್ನೊಂದು ಕಂಪನಿಯನ್ನು ಕೊಳ್ಳಲು ಬೇಕಾದ ಸಾಲಕ್ಕೂ ಬಹುಕಾಲ ಹೀಗೆಯೇ ತಡೆಯಿತ್ತು. 2018ರ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಅಂಡ್ ಎಫ್ಎಸ್ ಕುಸಿದ ಮೇಲೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳೂ ಬಿಲ್ಡರುಗಳಿಂದ ಹಿಂದೆ ಸರಿದವು. ಹೀಗೆ ಖಾಲಿಯಾದ ಜಾಗವನ್ನು ಈ ನಿಧಿಗಳು ತುಂಬಿದವು. ಅರ್ಧಕ್ಕೆ ನಿಂತ ವಸತಿ ಯೋಜನೆಗಳನ್ನು ಮುಗಿಸಲೆಂದು ಕೇಂದ್ರ ಸರ್ಕಾರವೇ 2019ರಲ್ಲಿ ಘೋಷಿಸಿದ ‘ಸ್ವಾಮಿಹ್’ ನಿಧಿಯೂ ಇದೇ ಎರಡನೆಯ ವರ್ಗಕ್ಕೆ ಸೇರಿದ್ದು.

ಇದಕ್ಕೆ ಕನಿಷ್ಠ ಹೂಡಿಕೆ 1 ಕೋಟಿ ರೂಪಾಯಿ. ಅಷ್ಟು ಹಣ ಕೈಯಲ್ಲಿದ್ದರೆ ಸಾಲದು. ಐದಾರು ವರ್ಷ ಅದರ ಮುಖ ನೋಡದೆ ಇರಬಲ್ಲವರಿಗೆ ಮಾತ್ರ ಇದು ಸರಿ. ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಎತ್ತಿಟ್ಟ ಹಣವಾಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಲೆಕ್ಕವನ್ನು ನೀವೇ ಹಾಕಿ

ಕರಪತ್ರದಲ್ಲಿರುವುದು ನಿಧಿ ಗಳಿಸುವ ದರ, ನಿಮ್ಮ ಕೈಗೆ ಬರುವ ದರವಲ್ಲ. ಒಂದು ಉದಾಹರಣೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡೋಣ. ನಿಧಿಯ ಗಳಿಕೆ ಶೇ 17 ಎಂದಿಟ್ಟುಕೊಳ್ಳಿ. ನಿರ್ವಹಣಾ ಶುಲ್ಕ ಶೇ 2, ಅದರ ಮೇಲೆ ಶೇ 18ರ ಜಿಎಸ್‌ಟಿ. ಎರಡೂ ಸೇರಿ ಶೇ 2.36. ಲೆಕ್ಕಪರಿಶೋಧನೆ, ಟ್ರಸ್ಟಿ, ಕಸ್ಟೋಡಿಯನ್ ಮುಂತಾದ ಇತರ ಖರ್ಚು ಶೇ 0.34 ಎಂದರೆ ಉಳಿಯುವುದು ಶೇ 14.3. ಇದರಲ್ಲಿ ನಿರ್ವಾಹಕರ ಲಾಭದ ಪಾಲು ಇರುತ್ತದೆ. ಶೇ 10ರ ಗಳಿಕೆ ದಾಟಿದ ಮೇಲೆ ಶೇ 15ರಷ್ಟು ಪಾಲು ಎಂದು ಬರೆದಿದ್ದರೆ ಅದು ಹೆಚ್ಚುವರಿ 4.3ರ ಮೇಲೆ ಮಾತ್ರ ಎಂದು ಓದುಗರು ಭಾವಿಸುವುದು ಸಹಜ. ಪಕ್ಕದಲ್ಲಿ ‘ಕ್ಯಾಚ್ ಅಪ್’ ಎಂಬ ಪದವಿದ್ದರೆ ಹಾಗಲ್ಲ. ಮೊದಲ ರೂಪಾಯಿಯಿಂದಲೇ ಪೂರ್ತಿ 14.3ರ ಮೇಲೆ ಪಾಲು ಹೋಗುತ್ತದೆ, ಅಂದರೆ ಸುಮಾರು 2.15. ಉಳಿದದ್ದು ಶೇ 12.15.

ಇನ್ನು ತೆರಿಗೆ. ಎರಡನೆಯ ವರ್ಗದ ನಿಧಿ ಗಳಿಸಿದ ಬಡ್ಡಿಗೆ ನಿಧಿಯ ಮಟ್ಟದಲ್ಲಿ ತೆರಿಗೆಯಿಲ್ಲ, ಅದು ನೇರವಾಗಿ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಹಂತದ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಶೇ 30ರ ಹಂತ ಮತ್ತು ಸೆಸ್ ಸೇರಿ 31.2 ಹಿಡಿದರೆ ಕೈಗೆ ಉಳಿಯುವುದು ಸುಮಾರು ಶೇ 8.36. ಒಟ್ಟು ಆದಾಯ 50 ಲಕ್ಷ ದಾಟಿ ಸರ್‌ಚಾರ್ಜ್ ಬಿದ್ದರೆ ಇನ್ನೂ ಕಡಿಮೆ. ಶೇ 7ರ ಬ್ಯಾಂಕ್ ಠೇವಣಿಗೂ ಇದೇ ತೆರಿಗೆ ಕಳೆದರೆ ಶೇ 4.8 ಉಳಿಯುತ್ತದೆ. ಅಂದರೆ ಕರಪತ್ರದಲ್ಲಿ 17 ಮತ್ತು 7ರ ನಡುವೆ ಕಂಡ ಹತ್ತು ಅಂಶಗಳ ಅಂತರ, ಕೈಗೆ ಬರುವಾಗ ಮೂರೂವರೆ ಅಂಶಕ್ಕೆ ಇಳಿದಿದೆ.

ಆ ಮೂರೂವರೆ ಅಂಶವೇ ನೀವು ಹೊರುವ ಅಪಾಯದ ಕೂಲಿ. ನಿಧಿ ಹತ್ತು ಕಂಪನಿಗಳಿಗೆ ಸಮನಾಗಿ ಸಾಲ ಕೊಟ್ಟು, ಅದರಲ್ಲಿ ಒಂದು ಮುಳುಗಿ ಅರ್ಧ ಅಸಲು ಹೋಯಿತೆನ್ನಿ. ಒಂದು ಕೋಟಿಯಲ್ಲಿ ಐದು ಲಕ್ಷ ಹೋಗುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಿಸುಮಾರು 1.25. ಎರಡು ಮುಳುಗಿದರೆ ಕೂಲಿಯ ಬಹುಪಾಲು ಹೋದಂತೆಯೇ. ಇದರ ಮೇಲೆ ಇನ್ನೊಂದು ತೊಡಕಿದೆ: ಅಸಲಿನಲ್ಲಾದ ನಷ್ಟವನ್ನು ಬಂಡವಾಳ ನಷ್ಟವೆಂದು ಪರಿಗಣಿಸಿದಾಗ ಅದನ್ನು ಬಡ್ಡಿಯ ಆದಾಯದಿಂದ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಬಂದ ಬಡ್ಡಿಗೆಲ್ಲ ತೆರಿಗೆ ಕಟ್ಟಬೇಕು, ಹೋದ ಅಸಲಿಗೆ ರಿಯಾಯಿತಿ ಸಿಗದು. ಹಣ ತೊಡಗಿಸುವ ಮೊದಲು ನಿಮ್ಮ ಚಾರ್ಟರ್ಡ್ ಅಕೌಂಟೆಂಟರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಶುಲ್ಕ ಯಾವುದರ ಮೇಲೆ ಎಂಬುದನ್ನೂ ನೋಡಿ. ಈ ನಿಧಿಗಳು ಒಂದು ಕೋಟಿಯನ್ನು ಒಮ್ಮೆಗೇ ಕೇಳದೆ ಕಂತುಕಂತಾಗಿ ಕರೆಸಿಕೊಳ್ಳುತ್ತವೆ. ನೋಟಿಸು ಬಂದ ಕೆಲವೇ ದಿನಗಳಲ್ಲಿ ಹಣ ಕಟ್ಟದಿದ್ದರೆ ದಂಡವೂ ಇರುತ್ತದೆ. ಕರೆಸಿಕೊಂಡ ಹಣಕ್ಕೆ ಮಾತ್ರ ಶುಲ್ಕವೋ, ಒಪ್ಪಿಕೊಂಡ ಪೂರ್ತಿ ಒಂದು ಕೋಟಿಗೋ ಎಂಬುದು ಮೊದಲ ಎರಡು ವರ್ಷಗಳ ಗಳಿಕೆಯನ್ನೇ ತಿನ್ನಬಲ್ಲ ವ್ಯತ್ಯಾಸ. ಮಧ್ಯವರ್ತಿಯಿಲ್ಲದೆ ಹೂಡುವ ‘ಡೈರೆಕ್ಟ್ ಪ್ಲಾನ್’ ಅನ್ನು 2023ರ ಮೇ 1ರಿಂದ ಎಲ್ಲ ಪರ್ಯಾಯ ಹೂಡಿಕೆ ನಿಧಿಗಳೂ ಕೊಡಲೇಬೇಕು. ಫೋನ್ ಮಾಡಿದ ಅಧಿಕಾರಿ ಇದನ್ನು ತಾವಾಗಿ ಹೇಳುವ ಸಾಧ್ಯತೆ ಕಡಿಮೆ.

ಸಾಲ ಪಡೆದವರು ಯಾರು, ಯಾಕೆ

ಇಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ನೀವು ಸಹಿ ಹಾಕುವ ಹೊತ್ತಿಗೆ ನಿಧಿ ಯಾರಿಗೆ ಸಾಲ ಕೊಡಲಿದೆ ಎಂದು ನಿರ್ವಾಹಕರಿಗೂ ಪೂರ್ತಿ ತಿಳಿದಿರುವುದಿಲ್ಲ. ಹಾಗಾಗಿ ಅದೇ ನಿರ್ವಾಹಕರ ಹಿಂದಿನ ನಿಧಿಯನ್ನು ನೋಡಬೇಕು. ಕೊಟ್ಟ ಸಾಲಗಳ ಪಟ್ಟಿ, ಪ್ರತಿಯೊಂದರ ಬಡ್ಡಿ, ವಾಯಿದೆ, ವಾಪಸು ಬಂದ ದಿನಾಂಕ, ವಾಯಿದೆ ಮೀರಿದ್ದರೆ ಎಷ್ಟು ದಿನ, ಇವನ್ನು ಬರಹದಲ್ಲಿ ಕೇಳಿ. ‘ಐಆರ್‌ಆರ್ ಶೇ 19’ (ಹಣ ಹೊರಗಿದ್ದ ಕಾಲವನ್ನೂ ಲೆಕ್ಕಕ್ಕೆ ಹಿಡಿದ ವಾರ್ಷಿಕ ಗಳಿಕೆ) ಎಂಬ ಒಂದೇ ಸಾಲಿನ ಉತ್ತರಕ್ಕೆ ತೃಪ್ತರಾಗಬೇಡಿ. ಎಂಟು ತಿಂಗಳಲ್ಲಿ ಮರಳಿದ ಚಿಕ್ಕ ಸಾಲವೊಂದು ಆ ಅಂಕಿಯನ್ನು ಎತ್ತರಕ್ಕೆ ಏರಿಸಬಲ್ಲದು, ಹೂಡಿದವರ ಕೈಗೆ ಬಂದ ಒಟ್ಟು ಮೊತ್ತ ಮಾತ್ರ ಹಾಗೆ ಏರುವುದಿಲ್ಲ. ಹಾಕಿದ ಪ್ರತಿ ನೂರು ರೂಪಾಯಿಗೆ ಈವರೆಗೆ ನಗದಾಗಿ ಎಷ್ಟು ಹಿಂತಿರುಗಿದೆ ಎಂದು ಕೇಳಿದರೆ ಉತ್ತರ ಬೇರೆಯೇ ಆಗಿರಬಹುದು.

ಅಸಲಿಗೆ ಬಡ್ಡಿ ಸೇರಿಸಿಕೊಳ್ಳುತ್ತ ಹೋಗುವ ಸಾಲಗಳು ಪಟ್ಟಿಯಲ್ಲಿ ಎಷ್ಟಿವೆ ಎಂದೂ ಎಣಿಸಿ. ವಹಿವಾಟಿನವರು ಇದನ್ನು ‘ಪಿಕ್’ ಎನ್ನುತ್ತಾರೆ. ನಮ್ಮ ಅಜ್ಜಂದಿರು ಇದನ್ನೇ ಚಕ್ರಬಡ್ಡಿ ಎನ್ನುತ್ತಿದ್ದರು. ಮೊದಲ ದಿನವೇ ಹೀಗೆಂದು ಒಪ್ಪಿ ಕೊಟ್ಟ ಸಾಲ ಒಂದು ಬಗೆ. ನಗದಾಗಿ ಬಡ್ಡಿ ಕಟ್ಟುತ್ತಿದ್ದ ಕಂಪನಿ ಎರಡನೆಯ ವರ್ಷದಲ್ಲಿ ‘ಇನ್ನು ಮೇಲೆ ಅಸಲಿಗೆ ಸೇರಿಸಿಕೊಳ್ಳಿ’ ಎಂದರೆ ಅದು ಇನ್ನೊಂದು ಬಗೆ. ಎರಡನೆಯದರಲ್ಲಿ ನಿಧಿಯ ವರದಿ ಲಾಭವನ್ನೇ ತೋರಿಸುತ್ತಿರುತ್ತದೆ, ಆದರೆ ಕಂಪನಿಯ ಬಳಿ ಹಣವಿಲ್ಲ.

ದೊಡ್ಡ ಸಾಲಗಳೂ ಇದಕ್ಕೆ ಹೊರತಲ್ಲ. ಶಾಪೂರ್‌ಜಿ ಪಲ್ಲೋಂಜಿ ಸಮೂಹ 2025ರಲ್ಲಿ ಸುಮಾರು 28,600 ಕೋಟಿ ರೂಪಾಯಿಯನ್ನು ಮೂರು ವರ್ಷದ ಅವಧಿಗೆ ಶೇ 19.75ರ ದರದಲ್ಲಿ ಎತ್ತಿದ್ದು ದೇಶದ ಅತಿ ದೊಡ್ಡ ಪ್ರೈವೇಟ್ ಕ್ರೆಡಿಟ್ ವ್ಯವಹಾರವೆನಿಸಿತು. ಅದು ನಡುವೆ ಬಡ್ಡಿ ಕಟ್ಟದೆ ಕೊನೆಯಲ್ಲಿ ಒಟ್ಟಾಗಿ ಸಲ್ಲಿಸುವ ಬಾಂಡು. ಭದ್ರತೆಯ ಮುಖ್ಯ ಭಾಗ ಟಾಟಾ ಸನ್ಸ್‌ನಲ್ಲಿ ಸಮೂಹಕ್ಕಿರುವ ಪಾಲು. ಟಾಟಾ ಸನ್ಸ್ ಷೇರುಪೇಟೆಯಲ್ಲಿಲ್ಲ. ಬೆಲೆ ಎಷ್ಟೇ ದೊಡ್ಡದಿದ್ದರೂ ನಾಳೆ ಬೆಳಿಗ್ಗೆ ಮಾರಿ ಹಣ ಮಾಡಿಕೊಳ್ಳಬಹುದಾದ ಒತ್ತೆಯಲ್ಲ ಅದು. ಇಂಥ ಸಾಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಸಲು ಬರುವ ದಾರಿ ವ್ಯಾಪಾರದ ಆದಾಯವಲ್ಲ, ಮುಂದೊಂದು ದಿನದ ಆಸ್ತಿ ಮಾರಾಟ ಅಥವಾ ಮತ್ತೊಂದು ಸಾಲ ಎಂಬುದನ್ನು ಅರಿತು ಕೊಡಬೇಕಾದ ಸಾಲ ಅದು.

ಕಾಲವೂ ಬದಲಾಗುತ್ತಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು ಒಟ್ಟು 1.25 ಅಂಶದಷ್ಟು ಇಳಿಸಿ 5.25ಕ್ಕೆ ತಂದಿತು, ಅದೇ ಅಕ್ಟೋಬರಿನಲ್ಲಿ ಕಂಪನಿ ಖರೀದಿಗೂ ಬ್ಯಾಂಕುಗಳು ಸಾಲ ಕೊಡಲು ದಾರಿ ಮಾಡಿಕೊಡುವುದಾಗಿ ಪ್ರಕಟಿಸಿತು. ಇದರ ಪರಿಣಾಮವನ್ನು ಹೂಡಿಕೆದಾರರು ಗಮನಿಸಬೇಕು. ಆರೋಗ್ಯವಾಗಿರುವ ಕಂಪನಿ ಅಗ್ಗದ ಬ್ಯಾಂಕ್ ಸಾಲ ತೆಗೆದುಕೊಂಡು ನಿಧಿಯ ಸಾಲವನ್ನು ಬೇಗ ತೀರಿಸಿ ಹೊರಟುಹೋಗುತ್ತದೆ. ಕೊನೆಗೆ ನಿಧಿಯಲ್ಲಿ ಉಳಿಯುವುದು ಬ್ಯಾಂಕಿನ ಬಾಗಿಲು ತಮಗೆ ತೆರೆಯದವರು. ಆದ್ದರಿಂದ ಅವಧಿಗೆ ಮುನ್ನ ತೀರಿಸಿದರೆ ಕನಿಷ್ಠ ಇಷ್ಟು ಗಳಿಕೆ ಕೊಡಬೇಕೆಂಬ ಷರತ್ತು ಹಿಂದಿನ ಸಾಲಗಳಲ್ಲಿತ್ತೇ, ಬೇಗ ಮರಳಿದ ಹಣವನ್ನು ನಿಧಿ ನಿಮಗೆ ಹಂಚಿತೋ ಮತ್ತೆ ಸಾಲ ಕೊಟ್ಟಿತೋ ಎಂದು ವಿಚಾರಿಸಿ.

ಭದ್ರತೆಯನ್ನು ಕಣ್ಣಾರೆ ನೋಡುವುದು

‘ಸಾಲದ ಎರಡು ಪಟ್ಟು ಭದ್ರತೆ’ ಎಂಬ ಮಾತಿನಲ್ಲಿ ಎರಡು ಪಟ್ಟು ಎಂಬುದಕ್ಕಿಂತ ಭದ್ರತೆ ಯಾವುದು ಎಂಬುದು ಮುಖ್ಯ. ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಯೋಜನೆಗೆ ಕೊಟ್ಟ ಸಾಲವನ್ನೇ ತೆಗೆದುಕೊಳ್ಳಿ. ಇಲ್ಲಿ ಬಹಳಷ್ಟು ಯೋಜನೆಗಳು ಜಮೀನಿನ ಮಾಲೀಕರ ಜೊತೆಗಿನ ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆ ನಡೆಯುತ್ತವೆ. ಊರ ಮಾತಿನಲ್ಲಿ ‘ಜೆಡಿ’. ಅಂಥಲ್ಲಿ ನೆಲ ಬಿಲ್ಡರದ್ದಲ್ಲ. ಒತ್ತೆ ಇಡಲು ಅವರ ಬಳಿ ಇರುವುದು ಕಟ್ಟಿದ ಮೇಲೆ ಬರುವ ತಮ್ಮ ಪಾಲಿನ ಫ್ಲಾಟುಗಳು, ಅಂದರೆ ಇನ್ನೂ ಆಗಬೇಕಾದ ಆಸ್ತಿ. ಮೌಲ್ಯಮಾಪನ ವರದಿ ಪೂರ್ತಿ ಯೋಜನೆಯ ಬೆಲೆ ಹಿಡಿದಿದೆಯೋ, ಬಿಲ್ಡರ ಪಾಲಿನದ್ದನ್ನು ಮಾತ್ರವೋ ಎಂದು ನೋಡಿದರೆ ಎರಡು ಪಟ್ಟು ಎಂಬುದು ಒಂದು ಪಟ್ಟಿಗೆ ಇಳಿಯುವುದುಂಟು.

ಮುಂದಿನದು ಹಣದ ಹರಿವು. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಫ್ಲಾಟು ಕೊಂಡವರು ಕಟ್ಟುವ ಹಣದಲ್ಲಿ ಶೇ 70ರಷ್ಟು ಪ್ರತ್ಯೇಕ ಖಾತೆಗೆ ಹೋಗಬೇಕು; ನಿರ್ಮಾಣಕ್ಕೂ ನೆಲದ ವೆಚ್ಚಕ್ಕೂ, ಕೆಲಸ ಎಷ್ಟಾಗಿದೆಯೋ ಅಷ್ಟಕ್ಕೆ, ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರವಿದ್ದಾಗ ಮಾತ್ರ ಅದನ್ನು ತೆಗೆಯಬಹುದು. ನಿಧಿಯ ಕರಪತ್ರದಲ್ಲಿ ‘ಯೋಜನೆಯ ಎಲ್ಲ ವಸೂಲಿಯೂ ನಮ್ಮ ಹಿಡಿತದ ಖಾತೆಗೆ’ ಎಂದಿದ್ದರೆ, ಆ ಎಲ್ಲ ವಸೂಲಿಯಲ್ಲಿ ನಿಧಿಯ ಕೈ ತಡೆಯಿಲ್ಲದೆ ಆಡುವುದು ಉಳಿದ ಶೇ 30ರ ಮೇಲೆ. ಯೋಜನೆಯ ರೇರಾ ಸಂಖ್ಯೆ ಸಿಕ್ಕರೆ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಅದನ್ನು ಹಾಕಿ, ಬಿಲ್ಡರು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿಯ ವಿವರವನ್ನು ಓದಿ. ಮೂರು ತ್ರೈಮಾಸಿಕದಿಂದ ವಿವರವೇ ಬಂದಿಲ್ಲ ಎಂದಾದರೆ ನಿಧಿಯ ವರದಿಯಲ್ಲಿ ಆ ಸಾಲ ‘ಉತ್ತಮ’ ಎಂದಿದ್ದರೂ ಪ್ರಶ್ನೆ ಕೇಳುವುದಕ್ಕೆ ಕಾರಣ ಸಿಕ್ಕಂತಾಯಿತು.

ನಂತರ ಋಣಭಾರ. ಸೈಟು ಕೊಳ್ಳುವಾಗ ಇ.ಸಿ. ತೆಗೆಸದ ಕನ್ನಡಿಗರಿಲ್ಲ, ಅದೇ ಅಭ್ಯಾಸವನ್ನು ಇಲ್ಲಿಗೂ ತರಬೇಕು. ಜಮೀನಿನ ಅಡಮಾನ ನೋಂದಣಿಯಾಗಿದೆಯೇ ಎಂಬುದು ಕಾವೇರಿ ತಂತ್ರಾಂಶದ ಇ.ಸಿ.ಯಲ್ಲಿ ಸಿಗುತ್ತದೆ. ಕಂಪನಿಯ ಆಸ್ತಿಯ ಮೇಲಿನ ಸಾಲದ ಹಕ್ಕನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ 30 ದಿನದೊಳಗೆ ನೋಂದಾಯಿಸಬೇಕು, ಮತ್ತು ಆ ಕಂಪನಿಯ ಮೇಲೆ ಯಾರ ಯಾರ ಹಕ್ಕಿದೆ ಎಂಬ ಪಟ್ಟಿಯನ್ನು ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ನೋಂದಾಯಿಸದ ಹಕ್ಕನ್ನು ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ನಿಧಿಯ ಎರಡು ಮೂರು ಸಾಲಗಳನ್ನಾದರೂ ಹೀಗೆ ಹುಡುಕಿ ನೋಡಿ. ಅರ್ಧ ಗಂಟೆಯ ಕೆಲಸ.

ಈ ಎಚ್ಚರ ಯಾಕೆ ಬೇಕೆಂಬುದಕ್ಕೆ ಅಮೆರಿಕದ ಎರಡು ಘಟನೆಗಳು ಸಾಕ್ಷಿ. 2025ರ ಸೆಪ್ಟೆಂಬರಿನಲ್ಲಿ ಹಳೆಯ ಕಾರುಗಳಿಗೆ ಸಾಲ ಕೊಡುತ್ತಿದ್ದ ಟ್ರೈಕಲರ್, ವಾಹನದ ಬಿಡಿಭಾಗ ಮಾರುತ್ತಿದ್ದ ಫಸ್ಟ್ ಬ್ರ್ಯಾಂಡ್ಸ್ ಮೂರು ವಾರಗಳ ಅಂತರದೊಳಗೆ ಎರಡೂ ದಿವಾಳಿ ಅರ್ಜಿ ಹಾಕಿದವು. ಒಂದೇ ಒತ್ತೆಯನ್ನು ಸಾಲ ಕೊಟ್ಟ ಒಬ್ಬರಿಗಿಂತ ಹೆಚ್ಚು ಜನರಿಗೆ ತೋರಿಸಲಾಗಿತ್ತು ಎಂಬ ಆರೋಪ ಎರಡರಲ್ಲೂ ಬಂತು. ಅಲ್ಲಿನ ಜೆಪಿ ಮೋರ್ಗನ್ ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ ಒಂದು ಜಿರಲೆ ಕಂಡರೆ ಇನ್ನಷ್ಟು ಇರುತ್ತವೆ ಎಂದದ್ದು ಆಗಲೇ. ನಮ್ಮ ಬೆಂಗಳೂರಿನ ಬೈಜೂಸ್ ಸಂಸ್ಥೆ 2021ರಲ್ಲಿ ಅಮೆರಿಕದ ಅಂಗಸಂಸ್ಥೆಯ ಮೂಲಕ ಎತ್ತಿದ 120 ಕೋಟಿ ಡಾಲರ್ ಸಾಲ ಕಟ್ಟುನಿಟ್ಟಾದ ಅರ್ಥದಲ್ಲಿ ಪ್ರೈವೇಟ್ ಕ್ರೆಡಿಟ್ ಅಲ್ಲ. ಆದರೂ ಅದರಲ್ಲಿನ 53.3 ಕೋಟಿ ಡಾಲರ್ ಬೇರೊಂದು ಹೂಡಿಕೆ ಸಂಸ್ಥೆಗೆ ಹೋಗಿ, ಸಾಲ ಕೊಟ್ಟವರು ಅದರ ಬೆನ್ನು ಹತ್ತಿ ವರ್ಷಗಟ್ಟಲೆ ಡೆಲವೇರ್ ನ್ಯಾಯಾಲಯ ಅಲೆದದ್ದನ್ನು ನೆನೆದರೆ, ಕೊಟ್ಟ ಹಣ ಯಾವ ಕಂಪನಿಯ ಯಾವ ಖಾತೆಯಲ್ಲಿರುತ್ತದೆ ಎಂಬ ಪ್ರಶ್ನೆ ಕ್ಷುಲ್ಲಕವಲ್ಲ ಎಂದು ತಿಳಿಯುತ್ತದೆ.

ಸಾಲ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. ಬ್ಯಾಂಕಿಗೆ ನ್ಯಾಯಾಲಯದ ಮೆಟ್ಟಿಲೇರದೆ ಒತ್ತೆ ಆಸ್ತಿಯನ್ನು ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆಯ ಅಧಿಕಾರವಿದೆ. ಪರ್ಯಾಯ ಹೂಡಿಕೆ ನಿಧಿಗೆ ತಾನಾಗಿ ಅದಿಲ್ಲ. ಡಿಬೆಂಚರು ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಗಿದ್ದರೆ ಅದನ್ನು ಕೊಂಡವರ ಪರವಾಗಿ ನಿಂತ ಡಿಬೆಂಚರ್ ಟ್ರಸ್ಟಿಯ ಮೂಲಕ ಆ ದಾರಿ ತೆರೆಯುತ್ತದೆ. ಇಲ್ಲವಾದರೆ ದಿವಾಳಿ ಪ್ರಕರಣ ನಡೆಸುವ ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ. ಅಲ್ಲಿ ಕಾಯ್ದೆ ಹಾಕಿಕೊಟ್ಟ ಗಡುವು 330 ದಿನ, ನಡೆಯುವುದು ಅದಕ್ಕಿಂತ ದೀರ್ಘ. ಅದೂ ಅಲ್ಲದೆ 2018ರಿಂದ ಮನೆ ಕೊಂಡವರೂ ಸಾಲ ಕೊಟ್ಟವರ ಸಾಲಿಗೇ ಸೇರಿ, ಅಲ್ಲಿ ತೀರ್ಮಾನ ಮಾಡುವ ಸಾಲದಾತರ ಸಮಿತಿಯಲ್ಲಿ ನಿಧಿಯ ಜೊತೆ ಕೂರುತ್ತಾರೆ. ಅವರಿಗೆ ಬೇಕಾದದ್ದು ಮನೆ, ನಿಧಿಗೆ ಬೇಕಾದದ್ದು ಹಣ.

ನಿಧಿಯೊಳಗೆ ಜೊತೆಗಿರುವವರು

ನಿಮ್ಮ ಜೊತೆ ಆ ನಿಧಿಯಲ್ಲಿ ಇನ್ನಾರು ಹಣ ಹಾಕಿದ್ದಾರೆ ಎಂದು ಕೇಳುವುದು ಅನೇಕರಿಗೆ ಹೊಳೆಯುವುದಿಲ್ಲ. 2023ರ ಡಿಸೆಂಬರ್ 19ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದರ ಮಹತ್ವವನ್ನು ತೋರಿಸಿತು. ಅದು ತಡೆಯಲು ಹೊರಟ ಆಟ ಇಂಥದ್ದು: ಒಂದು ಹಣಕಾಸು ಸಂಸ್ಥೆ ಒಂದು ಕಂಪನಿಗೆ ಕೊಟ್ಟ ಸಾಲ ಕೆಡುವ ಹಂತದಲ್ಲಿದೆ. ಆ ಸಂಸ್ಥೆ ಒಂದು ನಿಧಿಯಲ್ಲಿ ಹಣ ಹೂಡುತ್ತದೆ. ನಿಧಿ ಅದೇ ಕಂಪನಿಗೆ ಹೊಸ ಸಾಲ ಕೊಡುತ್ತದೆ. ಕಂಪನಿ ಆ ಹಣದಲ್ಲಿ ಹಣಕಾಸು ಸಂಸ್ಥೆಯ ಹಳೆಯ ಸಾಲ ತೀರಿಸುತ್ತದೆ. ಪುಸ್ತಕದಲ್ಲಿ ಕೆಟ್ಟ ಸಾಲ ಮಾಯ. ಆದರೆ ಆ ಕೆಟ್ಟ ಕಂಪನಿಯ ಕಾಗದ ಈಗ ನಿಧಿಯಲ್ಲಿದೆ, ನಿಧಿಯಲ್ಲಿ ನೀವೂ ಇದ್ದೀರಿ. 2025ರ ಜುಲೈನಲ್ಲಿ ಬಂದು 2026ರ ಜನವರಿ 1ರಿಂದ ಜಾರಿಯಾದ ನಿಯಮದಂತೆ ಯಾವುದೇ ಒಂದು ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ನಿಧಿಯ ಶೇ 10ಕ್ಕಿಂತ ಹೆಚ್ಚು, ಎಲ್ಲ ಸೇರಿ ಶೇ 20ಕ್ಕಿಂತ ಹೆಚ್ಚು ಹಾಕುವಂತಿಲ್ಲ. ನಿರ್ವಾಹಕರ ಮಾತೃಸಂಸ್ಥೆ ಸಾಲ ಕೊಡುವ ವ್ಯವಹಾರದಲ್ಲೇ ಇದ್ದರೆ, ಆ ಸಂಸ್ಥೆಯಿಂದ ಸಾಲ ಪಡೆದ ಕಂಪನಿಗಳಿಗೆ ನಿಧಿಯೂ ಸಾಲ ಕೊಡಬಹುದೇ ಎಂಬ ಅಂಶವನ್ನು ನಿಧಿಯ ವಿವರಪತ್ರವಾದ ಮೆಮೊರಾಂಡಮ್ಮಿನ ‘ಹಿತಾಸಕ್ತಿ ಸಂಘರ್ಷ’ ಎಂಬ ಅಧ್ಯಾಯದಲ್ಲಿ ಹುಡುಕಿ. ಪ್ರಾಮಾಣಿಕ ನಿಧಿ ಆ ಅಧ್ಯಾಯವನ್ನು ಎರಡು ಪ್ಯಾರಾದಲ್ಲಿ ಮುಗಿಸುವುದಿಲ್ಲ ಎಂಬುದು ನನ್ನ ಅನಿಸಿಕೆ.

ನಿರ್ವಾಹಕರು ಅಥವಾ ಪ್ರಾಯೋಜಕರು ನಿಧಿಯ ಶೇ 2.5 ಅಥವಾ 5 ಕೋಟಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ತಮ್ಮ ಕೈಯಿಂದ ಹಾಕಲೇಬೇಕು. ಸಾವಿರ ಕೋಟಿಯ ನಿಧಿಗೆ ಐದು ಕೋಟಿ ಏನೂ ಅಲ್ಲ. ಕಡ್ಡಾಯಕ್ಕಿಂತ ಎಷ್ಟು ಹೆಚ್ಚು ಹಾಕಿದ್ದಾರೆ ಎಂದು ಕೇಳಿ. ಒಂದೇ ಕಂಪನಿಗೆ ನಿಧಿಯ ಶೇ 25ರವರೆಗೂ ಕೊಡಲು ನಿಯಮ ಬಿಡುತ್ತದೆ. ಸಾಲದ ನಿಧಿಗೆ ಅದು ತೀರಾ ಜಾಸ್ತಿ. ಶೇ 10ರ ಆಸುಪಾಸಿನ ಮಿತಿಯನ್ನು ತಾವೇ ಹಾಕಿಕೊಂಡ ನಿಧಿಯನ್ನು ನಾನಾದರೆ ಆರಿಸುತ್ತೇನೆ.

ಹೂಡಿದ ಮೇಲೆ ಬರುವ ವರದಿಯಲ್ಲಿ ಮೌಲ್ಯ ನಿಧಾನವಾಗಿ, ಗೆರೆ ಎಳೆದಂತೆ ಏರುತ್ತಿರುತ್ತದೆ. ದಿನವೂ ಬೆಲೆ ಕಟ್ಟುವ ಪೇಟೆಯಿಲ್ಲದ್ದರಿಂದ ಅದು ಹಾಗೆ ಕಾಣುತ್ತದೆಯೇ ಹೊರತು ಅಪಾಯವಿಲ್ಲವೆಂದಲ್ಲ. ಸ್ವತಂತ್ರ ಮೌಲ್ಯಮಾಪಕರು ಆರು ತಿಂಗಳಿಗೊಮ್ಮೆ ಬೆಲೆ ಕಟ್ಟಬೇಕೆಂಬುದು ಸೆಬಿಯ ನಿಯಮ; ಮೌಲ್ಯದ ಹೊಣೆ ಮಾತ್ರ ನಿರ್ವಾಹಕರದ್ದೇ. 2020ರ ಏಪ್ರಿಲ್ 23ರಂದು ಫ್ರ್ಯಾಂಕ್ಲಿನ್ ಟೆಂಪಲ್ಟನ್ ಮ್ಯೂಚುವಲ್ ಫಂಡ್ ತನ್ನ ಆರು ಸಾಲ ಯೋಜನೆಗಳನ್ನು ಮುಚ್ಚಿದಾಗ, ಹಿಂದಿನ ದಿನದವರೆಗೂ ಅವುಗಳ ಮೌಲ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತಲೇ ಇತ್ತು. ಹೂಡಿದವರಿಗೆ ಕೊನೆಗೆ ಹಣ ಬಂತು, ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚೇ ಬಂತು. ಬರುವುದಕ್ಕೆ ವರ್ಷಗಳು ಹಿಡಿದವು.

ಒಂದು ಕೋಟಿ ಇಲ್ಲದವರಿಗೆ ಇದೇ ಬಗೆಯ ಸಾಲಪತ್ರಗಳು ಈಗ ಆನ್‌ಲೈನ್ ಬಾಂಡ್ ವೇದಿಕೆಗಳಲ್ಲಿ ಹತ್ತು ಸಾವಿರ ರೂಪಾಯಿಗೂ ಸಿಗುತ್ತವೆ. ಮೇಲಿನ ಪ್ರಶ್ನೆಗಳೆಲ್ಲ ಅಲ್ಲಿಗೂ ಅನ್ವಯ; ಹತ್ತು ಸಾಲಗಳಲ್ಲಿ ಹಂಚಿಹೋಗುವ ಅನುಕೂಲ ಮಾತ್ರ ತಾನಾಗಿ ಬರುವುದಿಲ್ಲ.

ಕೊನೆಯದಾಗಿ, ಐದನೆಯದೋ ಆರನೆಯದೋ ವರ್ಷದಲ್ಲಿ ಒಂದು ಪತ್ರ ಬರಬಹುದು: ನಿಧಿಯ ಅವಧಿಯನ್ನು ವಿಸ್ತರಿಸಲು ಒಪ್ಪಿಗೆ ಕೊಡಿ ಎಂದು. ಮೌಲ್ಯದ ಲೆಕ್ಕದಲ್ಲಿ ಮೂರನೆಯ ಎರಡು ಭಾಗದಷ್ಟು ಹೂಡಿಕೆದಾರರು ಒಪ್ಪಿದರೆ ಎರಡು ವರ್ಷದವರೆಗೆ ಮುಂದುವರಿಸಬಹುದು. ಅದಾದ ಮೇಲೂ ಮಾರಾಟವಾಗದೆ ಉಳಿದ ಡಿಬೆಂಚರುಗಳನ್ನೇ ಹೂಡಿಕೆದಾರರಿಗೆ ಹಂಚುವ ಪ್ರಸ್ತಾಪಕ್ಕೆ ಶೇ 75ರ ಒಪ್ಪಿಗೆ ಬೇಕು. ಪತ್ರ ಬಂದ ದಿನವೇ ‘ಒಪ್ಪಿಗೆ’ ಎಂದು ಗುರುತು ಹಾಕಿ ಕಳುಹಿಸಬೇಡಿ. ಉಳಿದಿರುವ ಸಾಲಗಳು ಯಾವುವು, ಪ್ರತಿಯೊಂದರ ಒತ್ತೆ ಈಗ ಯಾವ ಸ್ಥಿತಿಯಲ್ಲಿದೆ, ವಿಸ್ತರಿಸಿದ ಅವಧಿಗೂ ಅದೇ ನಿರ್ವಹಣಾ ಶುಲ್ಕವೇ ಎಂದು ಮೂರು ಪ್ರಶ್ನೆಗಳನ್ನು ಇಮೇಲಿನಲ್ಲಿ ಕೇಳಿ, ಉತ್ತರ ಬಂದ ಮೇಲೆ ಮತ ಹಾಕಿ.